ಎದುರು ಹಲ್ಲಿನ ಸಂದು ಮುಚ್ಚಿಸ್ಕೊಂಡಿದ್ದು

ನಾನು ಸರ್ಕಾರಿ ಶಾಲೆ ಟೀಚರ್, ನಲಿಕಲಿ ಮಕ್ಕಳಿಗೆ ಪಾಠ ಮಾಡೋದು. 2021ರ ಕೊನೇಲಿ ಶಾಲೆ ಮತ್ತೆ ಶುರುವಾದಾಗ ಎರಡನೇ ಕ್ಲಾಸಿನ ಒಂದು ಹುಡುಗಿ ಎದ್ದು ನಿಂತು "ಸರಸ್ವತಿ" ಅಂತ ಓದಿದ್ಲು, ಎರಡು ಸಕಾರದಲ್ಲೂ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಶಬ್ದ ಬಂತು. ಅವಳ ಹಲ್ಲು ನೋಡಿದ್ರೆ ಮುತ್ತು ಪೋಣಿಸಿದ ಹಾಗೆ ಸರಿಯಾಗಿವೆ. ಮತ್ತೆ ಸಿಳ್ಳೆ ಎಲ್ಲಿಂದ ಬಂತು ಅಂತ ಒಂದು ನಿಮಿಷ ತಿಳೀಲಿಲ್ಲ, ಆಮೇಲೆ ತಿಳೀತು, ಅವಳು ನಾನು ಹೇಳೋ ಹಾಗೇ ಹೇಳ್ತಿದಾಳೆ. ನಾನು ಕಲಿಸಿದ್ದೇ ಹಾಗೆ.

ನನ್ನ ಮೇಲಿನ ಎದುರು ಹಲ್ಲು ಎರಡರ ನಡುವೆ ಚಿಕ್ಕಂದಿನಿಂದ ಸಂದಿತ್ತು. ನಮ್ಮಜ್ಜಿ ಹಲ್ಲು ಸಂದಿರೋರು ಅದೃಷ್ಟವಂತ್ರು ಅಂತಿದ್ರು, ಅದನ್ನ ನಂಬ್ಕೊಂಡು ಹತ್ತನೇ ಕ್ಲಾಸ್ ತನಕ ಆರಾಮಾಗಿದ್ದೆ. ಡಿಎಡ್‌ಗೆ ಸೇರಿ ಹಾಸ್ಟೆಲ್ಲಿಗೆ ಹೋದ ಮೇಲೆ ನಗೋವಾಗ ಕೈ ಬಾಯಿಗೆ ಅಡ್ಡ ಹೋಗೋ ಅಭ್ಯಾಸ ಶುರುವಾಯ್ತು, ಮದುವೆ ಫೋಟೋಗಳಲ್ಲೂ ನಾನು ಬಾಯಿ ಮುಚ್ಕೊಂಡೇ ನಕ್ಕಿದೀನಿ. ಆದ್ರೆ ಅದಕ್ಕೆ ಚಿಕಿತ್ಸೆ ಅಂತ ಹೊರಟಿದ್ದು ಆ ಹುಡುಗಿ ಸರಸ್ವತಿ ಅಂದ ಮೇಲೆ, ಅದು ನಿಜ.

ಅದಕ್ಕಿಂತ ಮುಂಚೆ ಆಗಿದ್ದೊಂದನ್ನ ಹೇಳಲೇಬೇಕು, ಯಾಕಂದ್ರೆ ಇವತ್ತಿಗೂ ಮಕ್ಕಳು ಇದನ್ನ ಮಾಡ್ತಿದಾರೆ. 2009ರಲ್ಲಿ, ನಂಗೆ ಹತ್ತೊಂಬತ್ತು ವರ್ಷ, ಹಾಸ್ಟೆಲ್ ರೂಮಲ್ಲಿದ್ದ ಗೆಳತಿ ಒಬ್ಳು ಎರಡೂ ಹಲ್ಲಿಗೆ ಸೇರಿಸಿ ಸಣ್ಣ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಮಲಗು, ಒಂದು ವಾರದಲ್ಲಿ ಹತ್ರ ಬರ್ತವೆ ಅಂದ್ಲು. ಜಡೆ ಕೊನೆಗೆ ಹಾಕೋ ಚಿಕ್ಕ ಬ್ಯಾಂಡ್ ಇರುತ್ತಲ್ಲ ಅದನ್ನೇ ಹಾಕ್ಕೊಂಡೆ. ಎರಡು ದಿನಕ್ಕೇ ಹಲ್ಲು ಹತ್ರ ಬಂದ ಹಾಗೆ ಕಾಣಿಸ್ತು, ಖುಷಿ ಆಯ್ತು. ನಾಲ್ಕನೇ ದಿನ ಬೆಳಗ್ಗೆ ಎದ್ದು ನೋಡಿದ್ರೆ ಬ್ಯಾಂಡೇ ಇಲ್ಲ. ನಿದ್ದೆಯಲ್ಲಿ ನುಂಗಿರಬೇಕು ಅಂದ್ಕೊಂಡು ಸುಮ್ಮನಾದೆ. ಆಮೇಲೆ ಒಸಡು ಊದ್ಕೊಳ್ತು, ಬ್ರಷ್ ಮುಟ್ಟಿದ್ರೆ ರಕ್ತ, ಹತ್ತು ದಿನಕ್ಕೆ ಒಂದು ಹಲ್ಲು ನಾಲಿಗೆಯಲ್ಲಿ ತಳ್ಳಿದ್ರೆ ಅಲ್ಲಾಡೋಕೆ ಶುರು. ಊರಿನ ಹಲ್ಲಿನ ಡಾಕ್ಟ್ರ ಹತ್ರ ಅಪ್ಪ ಕರ್ಕೊಂಡು ಹೋದ್ರು. ಅವರು ಇಂಜೆಕ್ಷನ್ ಕೊಟ್ಟು ಒಸಡಿನ ಒಳಗಿಂದ ಆ ಬ್ಯಾಂಡ್ ಎಳೆದು ತೆಗೆದು ಹತ್ತಿ ಮೇಲಿಟ್ಟು ತೋರಿಸಿದ್ರು. ಹಲ್ಲಿನ ಬೇರು ಮೇಲೆ ಹೋದ ಹಾಗೆ ಸಣ್ಣ ಆಗ್ತಾ ಹೋಗುತ್ತೆ, ಅದಕ್ಕೆ ಬ್ಯಾಂಡ್ ತಾನಾಗೇ ಜಾರಿ ಒಸಡೊಳಗೆ ಸೇರ್ಕೊಂಡು ಹಲ್ಲು ಹಿಡ್ಕೊಂಡಿರೋ ಮೂಳೆನ ತಿಂತಾ ಹೋಗುತ್ತೆ, ಹೀಗೆ ಎರಡೂ ಹಲ್ಲು ಕಳ್ಕೊಂಡೋರು ಇದಾರಮ್ಮ ಅಂದ್ರು. ನನ್ನ ಹಲ್ಲು ಉಳೀತು. ಸಂದು ಎರಡು ತಿಂಗಳಲ್ಲಿ ಮತ್ತೆ ಮೊದಲಿನ ಹಾಗೇ ಆಯ್ತು.

ಹೀಗಾಗಿ ಹಲ್ಲಿನ ವಿಷಯ ಅಂದ್ರೆ ನಂಗೆ ಹೆದರಿಕೆ. 2022ರ ಏಪ್ರಿಲ್ ರಜೆಯಲ್ಲಿ ತಮ್ಮನ ಮನೆಗೆ ಬೆಂಗಳೂರಿಗೆ ಹೋದಾಗ ಧೈರ್ಯ ಮಾಡಿ ಅಲ್ಲೊಂದು ಕ್ಲಿನಿಕ್ಕಿಗೆ ಹೋದೆ. ಒಳಗೆ ಏಸಿ, ಗೋಡೆ ತುಂಬ ನಗೋ ಮುಖಗಳು. ಐದು ನಿಮಿಷ ನೋಡಿದ್ರು, ಎಕ್ಸ್‌ರೇ ಇಲ್ಲ, ಅಳತೆ ಇಲ್ಲ, ಕಂಪ್ಯೂಟರಲ್ಲಿ ನನ್ನ ಫೋಟೋಗೆ ಹೊಸ ಹಲ್ಲು ಕೂರಿಸಿ ತೋರಿಸಿದ್ರು. ಆರು ಹಲ್ಲಿಗೆ ವೆನೀರ್, ಅಂದ್ರೆ ಹಲ್ಲಿನ ಮುಂಭಾಗಕ್ಕೆ ಅಂಟಿಸೋ ತೆಳು ಪದರ, ಒಂದಕ್ಕೆ ಹನ್ನೆರಡು ಸಾವಿರ, ಎರಡೇ ಸಲ ಬಂದ್ರೆ ಕೆಲಸ ಮುಗೀತು ಅಂದ್ರು. ಫೋಟೋದಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ದೆ ಅಂದ್ರೆ ಅಲ್ಲೇ ಅಡ್ವಾನ್ಸ್ ಕೊಡೋಕೆ ಪರ್ಸ್ ತೆಗೆದಿದ್ದೆ. ಅದಕ್ಕೆ ನನ್ನ ಹಲ್ಲನ್ನ ಉಜ್ಜಿ ಸವೆಸಬೇಕಾಗುತ್ತಾ ಅಂತ ಕೇಳಿದ್ದಕ್ಕೆ "ಸ್ವಲ್ಪ ಅಷ್ಟೇ" ಅಂದ್ರು. ಸ್ವಲ್ಪ ಅಂದ್ರೆ ಎಷ್ಟು ಅಂತ ಕೇಳಿದೆ, ಅದಕ್ಕೆ ಸರಿಯಾದ ಉತ್ತರ ಬರಲಿಲ್ಲ, ನಾಳೆ ಬರ್ತೀನಿ ಅಂತ ಎದ್ದು ಬಂದೆ.

ರಾತ್ರಿ ಚಿಕ್ಕಮ್ಮನ ಮಗಳು ಅಕ್ಕನಿಗೆ ಫೋನ್ ಮಾಡಿದೆ, ಅವಳು ದಾವಣಗೆರೆಯಲ್ಲಿ ನರ್ಸ್. "ಏನೇ ನೀನು, ದಾವಣಗೆರೇಲಿ ಎರಡೆರಡು ಡೆಂಟಲ್ ಕಾಲೇಜಿದಾವೆ, ಅಲ್ಲಿ ತೋರಿಸ್ದೆ ಬೆಂಗ್ಳೂರಲ್ಲಿ ಹಲ್ಲು ಉಜ್ಜಿಸ್ಕೊಳ್ತೀಯಾ, ಸುಮ್ನೆ ಬಾ" ಅಂತ ಬೈದ್ಲು. ನಮ್ಮೂರಿಂದ ದಾವಣಗೆರೆಗೆ ಒಂದೂವರೆ ಗಂಟೆ ಬಸ್ಸು. ಮೇ ತಿಂಗಳಲ್ಲಿ ಹೋದೆ.

ಕಾಲೇಜ್ ಆಸ್ಪತ್ರೆ ಅಂದ್ರೆ ಗೊತ್ತಿರೋರಿಗೆ ಗೊತ್ತು, ಬೆಳಗ್ಗೆ ಒಂಬತ್ತಕ್ಕೆ ಹೋಗಿ ಓಪಿಡಿ ಚೀಟಿ ಮಾಡಿಸಿ ಕ್ಯೂನಲ್ಲಿ ಕೂರ್ಬೇಕು, ಒಂದು ವಿಭಾಗದಿಂದ ಇನ್ನೊಂದಕ್ಕೆ ಕಳಿಸ್ತಾರೆ, ಒಂದೊಂದು ಕಡೆ ಸ್ಟೂಡೆಂಟ್ ನೋಡ್ತಾರೆ ಆಮೇಲೆ ಪಿಜಿ, ಅಂದ್ರೆ ಮೇಲಿನ ಓದು ಓದ್ತಿರೋ ಡಾಕ್ಟರ್, ಆಮೇಲೆ ಪ್ರೊಫೆಸರ್, ಇಡೀ ದಿನ ಹೋಗುತ್ತೆ. ಆದ್ರೆ ಬೆಂಗಳೂರಲ್ಲಿ ಐದು ನಿಮಿಷದಲ್ಲಿ ಮುಗಿದಿದ್ದನ್ನ ಇಲ್ಲಿ ಎರಡು ದಿನ ನೋಡಿದ್ರು. ಪೂರ್ತಿ ದವಡೆಯ ಒಂದು ಎಕ್ಸ್‌ರೇ, ಎದುರು ಹಲ್ಲಿಗೆ ಬೇರೆ ಚಿಕ್ಕ ಎಕ್ಸ್‌ರೇ. ಕೆಲವರಿಗೆ ಎರಡು ಹಲ್ಲಿನ ನಡುವೆ ಮೂಳೆ ಒಳಗೇ ಒಂದು ಹೆಚ್ಚಿನ ಹಲ್ಲು ಸಿಕ್ಕಾಕ್ಕೊಂಡಿರುತ್ತಂತೆ, ಅದಿದೆಯಾ ಅಂತ ನೋಡೋದಕ್ಕೆ. ನಂಗಿರಲಿಲ್ಲ. ನುಂಗೋವಾಗ ನಾಲಿಗೆ ಹಲ್ಲಿನ ಸಂದಿಗೆ ತಳ್ಳುತ್ತಾ ಅಂತ ನೀರು ಕುಡಿಸಿ ನೋಡಿದ್ರು, ಅದೂ ಇಲ್ಲ. ಒಸಡು ಗಟ್ಟಿ ಇದೆಯಾ ಅಂತ ಸಣ್ಣ ಕಡ್ಡಿ ಇಟ್ಟು ಪ್ರತಿ ಹಲ್ಲಿನ ಸುತ್ತ ಅಳೆದ್ರು, ಯಾಕಂದ್ರೆ ದೊಡ್ಡವರಾದ ಮೇಲೆ ಹೊಸದಾಗಿ ಸಂದು ಬಂದ್ರೆ ಅದು ಒಸಡಿನ ಕಾಯಿಲೆ ಇರಬಹುದು, ಆಗ ಮೊದಲು ಒಸಡು ಸರಿ ಮಾಡ್ದೆ ಸಂದು ಮುಚ್ಚೋಕೆ ಹೋಗಬಾರ್ದು. ರಬ್ಬರ್ ಬ್ಯಾಂಡ್ ಕಥೆ ಅಲ್ಲಿ ಹೇಳಿದೆ. ಎಕ್ಸ್‌ರೇನಲ್ಲಿ ಎಡಗಡೆ ಹಲ್ಲಿನ ಸುತ್ತ ಮೂಳೆ ಸ್ವಲ್ಪ ಕಮ್ಮಿ ಆಗಿರೋದು ಅವರಿಗೆ ಆಗಲೇ ಕಂಡಿತ್ತು, ಕಾರಣ ಗೊತ್ತಾಯ್ತು ಅಂದ್ರು.

ಆಮೇಲೆ ಪ್ರೊಫೆಸರ್ ಬಂದು ನನ್ನ ಮೇಲ್ತುಟಿ ಎತ್ತಿ ಹಿಡಿದು ಎಳೆದ್ರು. ತುಟಿ ಒಳಗಡೆಯಿಂದ ಒಸಡಿಗೆ ಒಂದು ದಾರದ ಥರ ಮಾಂಸ ಇರುತ್ತಲ್ಲ, ನಾಲಿಗೆ ಆಡಿಸಿದ್ರೆ ಎಲ್ಲರಿಗೂ ಸಿಗುತ್ತೆ, ಅದಕ್ಕೆ ಫ್ರೀನಮ್ ಅಂತಾರೆ. ನಂದು ದಪ್ಪ, ಮತ್ತೆ ಕೆಳಗಿನ ತನಕ ಇಳಿದು ಎರಡು ಹಲ್ಲಿನ ನಡುವೆ ಸೇರ್ಕೊಂಡಿದೆ, ತುಟಿ ಎಳೆದ್ರೆ ಹಲ್ಲಿನ ನಡುವಿನ ಒಸಡು ಬೆಳ್ಳಗಾಗ್ತಿತ್ತು, ಕನ್ನಡಿ ಕೊಟ್ಟು ತೋರಿಸಿದ್ರು. ಅದೊಂದು ಕಾರಣ. ಇನ್ನೊಂದು ಕಾರಣ ಹೇಳಿದ್ದು ನಂಗೆ ಮರೆಯೋಕೇ ಆಗಲ್ಲ.

ಹಲ್ಲಿನ ಅಚ್ಚು ತೆಗೆದು ಮಾಡಿದ್ದ ಬಿಳಿ ಮಾಡೆಲ್ ಮೇಲೆ ಅವರು ಒಂದೊಂದೇ ಹಲ್ಲು ಅಳೆದು ಬರೀತಾ ಹೋದ್ರು. ಎದುರಿನ ಎರಡು ಹಲ್ಲು ಎಂಟೂವರೆ ಎಂಟೂವರೆ ಮಿಲಿಮೀಟರ್, ಸರಿಯಾಗಿದೆ. ಅದರ ಪಕ್ಕದ ಹಲ್ಲು, ಕೋರೆ ಹಲ್ಲಿಗಿಂತ ಮುಂಚೆ ಬರೋದು, ಎರಡೂ ಕಡೆ ಐದೂವರೆ. ಅದು ನಿಮ್ಮ ಹಲ್ಲಿನ ಲೆಕ್ಕಕ್ಕೆ ಆರೂಮುಕ್ಕಾಲು ಇರಬೇಕಿತ್ತು ಮೇಡಂ, ಒಂದೊಂದು ಕಡೆ ಒಂದೂಕಾಲು ಕಮ್ಮಿ, ಎರಡು ಸೇರಿಸಿದ್ರೆ ಎಷ್ಟಾಯ್ತು ಅಂದ್ರು. ಎರಡೂವರೆ. ನಡುವಿನ ಸಂದು ಎಷ್ಟು ಅಂತ ಕೇಳಿದ್ರು. ಅದೂ ಎರಡೂವರೆ. ಅಂದ್ರೆ ಪಕ್ಕದ ಹಲ್ಲು ಚಿಕ್ಕದಾಗಿ ಉಳಿದ ಜಾಗ ಎಲ್ಲ ಜಾರಿ ನಡುವೆ ಬಂದು ಕೂತಿದೆ. ಇಷ್ಟು ವರ್ಷ ನಾನು ಎದುರಿನ ಎರಡು ಹಲ್ಲನ್ನ ಬೈಕೊಂಡು ಬಂದಿದ್ದೆ, ಅವು ಸರಿಯಾಗೇ ಇದ್ವು. ಆ ಲೆಕ್ಕ ನೋಡಿ ಕಣ್ಣಲ್ಲಿ ನೀರು ಬಂತು.

ಏನೇನು ಮಾಡಬಹುದು ಅಂತ ಬಿಡಿಸಿ ಹೇಳಿದ್ರು. ಅತಿ ಸುಲಭದ್ದು ಕಾಂಪೊಸಿಟ್, ಅಂದ್ರೆ ಹಲ್ಲಿನ ಬಣ್ಣದ ಸಿಮೆಂಟ್ ಅಂತ ನಾವಂತೀವಲ್ಲ ಅದು, ಅದನ್ನ ಎದುರಿನ ಎರಡು ಹಲ್ಲಿಗೂ ಸಂದಿನ ಕಡೆ ಬದಿಗೆ ಅಂಟಿಸಿ ಸಂದು ತುಂಬಿಬಿಡೋದು, ಒಂದೇ ದಿನದ ಕೆಲಸ. ಸಂದು ಒಂದು, ಒಂದೂವರೆ ಮಿಲಿಮೀಟರ್ ಇದ್ದು ಉಳಿದದ್ದೆಲ್ಲ ಸರಿಯಿದ್ರೆ ಇದೇ ಸಾಕು, ಕ್ಲಿಪ್ಪು ಗಿಪ್ಪು ಯಾವುದೂ ಬೇಡ ಅಂದ್ರು. ನಂಗೂ ಮೊದಲು ಇದೇ ಮಾಡಿ ಅಂದೆ. ಅವರು ಇಲ್ಲ ಅನ್ನಲಿಲ್ಲ, ಪಿಜಿ ಡಾಕ್ಟರ್ ಹತ್ರ ಆ ಸಿಮೆಂಟನ್ನೇ ಅಂಟಿಸದೆ ಸುಮ್ಮನೆ ಹಲ್ಲಿನ ಮೇಲೆ ಒತ್ತಿಸಿ ಕನ್ನಡಿ ಕೈಗೆ ಕೊಟ್ರು. ನೋಡಿದೆ. ಎರಡು ಹಲ್ಲೂ ಒಂಬತ್ತೂಮುಕ್ಕಾಲು ಅಗಲ, ಉದ್ದ ಹತ್ತು, ಹೆಚ್ಚುಕಮ್ಮಿ ಚೌಕ, ಬಾಯಲ್ಲಿ ಎರಡು ಬಾಗಿಲು ನಿಲ್ಲಿಸಿದ ಹಾಗೆ, ಪಕ್ಕದ ಚಿಕ್ಕ ಹಲ್ಲು ಇನ್ನೂ ಚಿಕ್ಕದಾಗಿ ಕಾಣ್ತು. ಎದುರು ಹಲ್ಲಿನ ಅಗಲ ಉದ್ದದ ಮುಕ್ಕಾಲು ಪಾಲಿನಿಂದ ಐದರಲ್ಲಿ ನಾಲ್ಕು ಪಾಲಿನ ತನಕ ಇದ್ರೆ ಕಣ್ಣಿಗೆ ಹಿತ ಅಂತೆ. ಒತ್ತಿದ್ದನ್ನ ಎರಡು ನಿಮಿಷದಲ್ಲಿ ಕಿತ್ತು ತೆಗೆದ್ರು. ಯಾರಾದ್ರೂ ಹಲ್ಲಿಗೆ ಏನಾದ್ರೂ ಅಂಟಿಸ್ಕೊಳ್ಳೋ ಮುಂಚೆ ಹೀಗೆ ಒಂದು ಸಲ ಮಾಡಿ ತೋರಿಸಿ ಅಂತ ಕೇಳಿ, ಕಂಪ್ಯೂಟರ್ ಫೋಟೋ ಬೇರೆ, ಸ್ವಂತ ಬಾಯಲ್ಲಿ ನೋಡೋದು ಬೇರೆ.

ವೆನೀರ್ ಬಗ್ಗೆ ಕೇಳಿದೆ. ಪಿಂಗಾಣಿ ಪದರ, ಉಗುರಿನಷ್ಟು ತೆಳು, ಅದನ್ನ ಕೂರಿಸೋಕೆ ಸಾಮಾನ್ಯವಾಗಿ ಹಲ್ಲಿನ ಮುಂಭಾಗ ಅರ್ಧ ಮಿಲಿಮೀಟರ್ ಹತ್ರ ಉಜ್ಜಬೇಕು. ಅರ್ಧ ಮಿಲಿಮೀಟರ್ ತಾನೇ ಅಂತ ಅನ್ನಿಸಬಹುದು ಆದ್ರೆ ಆ ಎನಾಮಲ್, ಅಂದ್ರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯಲ್ಲ, ಒಂದು ಸಲ ಉಜ್ಜಿದ್ರೆ ಆ ಹಲ್ಲಿಗೆ ಜೀವನಪೂರ್ತಿ ಏನಾದ್ರೂ ಒಂದು ಮುಚ್ಚಳ ಬೇಕೇ ಬೇಕು, ವೆನೀರ್ ಹತ್ತು ಹದಿನೈದು ವರ್ಷಕ್ಕೆ ಬದಲಿಸೋದೂ ಬರುತ್ತೆ. ವೆನೀರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಮ್ಮ ಶಾಲೆಯ ಒಬ್ಬ ಮೇಡಂ ಪಾವಗಡದ ಕಡೆಯವರು, ಅಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಚಿಕ್ಕಂದಿನಲ್ಲಿ ಆ ನೀರು ಕುಡಿದು ಅವರ ಹಲ್ಲೆಲ್ಲ ಕಂದು ಪಟ್ಟೆ, ಅವರಿಗೆ ವೆನೀರ್ ಹಾಕಿಸಿದ ಮೇಲೆ ಮುಖವೇ ಬೆಳಗಿದ ಹಾಗಾಯ್ತು. ಅವರ ಹಲ್ಲಿಗೆ ಅದು ಬೇಕಿತ್ತು, ನನ್ನ ಆರು ಹಲ್ಲಿಗೆ ಯಾವ ರೋಗಾನೂ ಇರಲಿಲ್ಲ.

ನಂಗೆ ಅವರು ಹೇಳಿದ್ದು ಹೀಗೆ: ಮೇಲಿನ ಸಾಲಿಗೆ ಕ್ಲಿಪ್ ಹಾಕಿ ಎದುರಿನ ಎರಡು ಹಲ್ಲನ್ನ ಹತ್ರ ತರೋದು, ಆಗ ನಡುವಿನ ಜಾಗ ಪಕ್ಕಕ್ಕೆ ಹೋಗುತ್ತೆ, ಆ ಜಾಗದಲ್ಲಿ ಚಿಕ್ಕ ಹಲ್ಲನ್ನ ಕಾಂಪೊಸಿಟ್‌ನಿಂದ ಅದರ ಸರಿಯಾದ ಅಗಲಕ್ಕೆ ಬೆಳೆಸೋದು. ಇದರ ಮಧ್ಯದಲ್ಲೇ ಫ್ರೀನಮ್ ಕತ್ತರಿಸೋದು. ಎಂಟರಿಂದ ಹತ್ತು ತಿಂಗಳು. ಅಲೈನರ್ ಅಂತ ಪಾರದರ್ಶಕ ಪ್ಲೇಟ್‌ನಲ್ಲೂ ಮಾಡಬಹುದು ಅಂದ್ರು, ಆದ್ರೆ ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು, ಟೀ ಕುಡಿಯೋಕೂ ತೆಗೀಬೇಕು, ಮತ್ತೆ ಖರ್ಚು ನನ್ನ ಕೈಗೆ ಎಟುಕೋದಲ್ಲ. ಕ್ಲಿಪ್ಪಿಗೆ ಅಲ್ಲಿ ಆಗ ಹದಿನೆಂಟು ಸಾವಿರ, ಕಂತಲ್ಲಿ ಕಟ್ಟಬಹುದಿತ್ತು. ಮೂವತ್ತೆರಡು ವರ್ಷಕ್ಕೆ ಕ್ಲಿಪ್ಪಾ ಅಂತ ಅತ್ತೆ ಅಂದ್ರು. ನಮ್ಮನೆಯವ್ರು "ನಂಗೇನೂ ಸಂದು ಕಾಣ್ಸಲ್ಲ ನೋಡು, ಆದ್ರೆ ನಿಂಗೆ ಬೇಕು ಅನ್ಸಿದ್ರೆ ಮಾಡಿಸ್ಕೊ" ಅಂದ್ರು. ಅಷ್ಟು ಸಾಕಿತ್ತು.

ಜೂನ್‌ನಲ್ಲಿ ಹಾಕಿದ್ರು. ಹಾಕೋವಾಗ ನೋವಿಲ್ಲ, ಆವತ್ತು ರಾತ್ರಿಯಿಂದ ಮೂರು ದಿನ ಅನ್ನ ಕಲಸಿ ನುಂಗಿದ್ದೇ ಊಟ. ಕೆನ್ನೆ ಒಳಗೆ ಹುಣ್ಣು, ಅದಕ್ಕೆ ಮೇಣ ಕೊಡ್ತಾರೆ, ಚುಚ್ಚೋ ಜಾಗಕ್ಕೆ ಅಂಟಿಸ್ಕೊಳ್ಬೇಕು. ಪ್ರತಿ ಹಲ್ಲಿನ ಮೇಲೆ ಸಣ್ಣ ರಬ್ಬರ್ ಉಂಗುರ ಹಾಕ್ತಾರೆ, ನಾನು ಕಾಣಬಾರದು ಅಂತ ಬಣ್ಣ ಇಲ್ಲದ್ದು ಕೇಳಿ ಹಾಕಿಸ್ಕೊಂಡೆ, ಮನೆಗೆ ಬಂದು ಎರಡು ದಿನ ಸಾರು ಪಲ್ಯ ತಿಂದಿದ್ದಕ್ಕೆ ಅಷ್ಟೂ ಅರಿಶಿನ ಬಣ್ಣಕ್ಕೆ ತಿರುಗಿ ಹಲ್ಲೇ ಹಳದಿ ಆದ ಹಾಗೆ ಕಂಡ್ವು, ಮುಂದಿನ ತಿಂಗಳಿಂದ ಬೂದು ಬಣ್ಣದ್ದು. ದಾವಣಗೆರೆಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ಬಸ್ಸು ಹತ್ತೋದು ಎಂಥ ಕಷ್ಟ ಅಂತ ಆ ಊರಿಗೆ ಹೋಗೋರಿಗೆ ಗೊತ್ತು, ಮಂಡಕ್ಕಿ ಕ್ಲಿಪ್ಪಲ್ಲಿ ಸಿಕ್ಕಾಕ್ಕೊಳ್ಳುತ್ತೆ, ಬೆಣ್ಣೆ ದೋಸೆ ಮಾತ್ರ ಮೆತ್ತಗಿರೋದ್ರಿಂದ ತೊಂದರೆ ಇರಲಿಲ್ಲ.

ಎರಡು ಹಲ್ಲನ್ನ ಹತ್ರ ಎಳೆಯೋಕೆ ಪವರ್ ಚೈನ್ ಅಂತ ಹಾಕ್ತಾರೆ, ಅದೂ ಒಂಥರ ರಬ್ಬರೇ. ಮೊದಲ ಸಲ ಅದನ್ನ ನೋಡಿ ಕೈ ನಡುಗ್ತು. ನನ್ನ ಪಿಜಿ ಡಾಕ್ಟರ್, ನಂಗಿಂತ ಚಿಕ್ಕೋಳು, ಪಾಪ ಅರ್ಥ ಮಾಡ್ಕೊಂಡು ವಿವರಿಸಿದ್ಲು: ಇದು ಹಲ್ಲಿಗಲ್ಲ ಮೇಡಂ, ಅಂಟಿಸಿರೋ ಕ್ಲಿಪ್ಪಿಗೆ ಸಿಕ್ಕಿಸಿರೋದು, ಜಾರಿ ಒಳಗೆ ಹೋಗೋಕೆ ಆಗಲ್ಲ, ಮತ್ತೆ ಒಳಗಿರೋ ತಂತಿ ಹಲ್ಲು ವಾಲದ ಹಾಗೆ ನೋಡ್ಕೊಳ್ಳುತ್ತೆ, ಅವತ್ತು ನಿಮ್ಮ ಹಲ್ಲು ಬರೀ ತುದಿ ವಾಲಿತ್ತು, ಈಗ ಬೇರು ಸಮೇತ ಬರುತ್ತೆ. ಎಡಗಡೆ ಮೂಳೆ ಕಮ್ಮಿ ಇದ್ದಿದ್ರಿಂದ ತುಂಬ ನಿಧಾನಕ್ಕೆ, ಕಮ್ಮಿ ಬಲದಲ್ಲಿ ಎಳೆದ್ರು. ಹತ್ತೊಂಬತ್ತರಲ್ಲಿ ಮಾಡಿದ ತಪ್ಪಿಗೆ ಎರಡು ತಿಂಗಳು ಹೆಚ್ಚಾಯ್ತು ಅಂತ ನನ್ನ ಲೆಕ್ಕ. ಪ್ರತಿ ತಿಂಗಳು ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಓಡೋದು, ಕೆಲವು ಸಲ ರಜೆ ಹಾಕೋದು.

2023ರ ಫೆಬ್ರವರಿಗೆ ಎರಡೂ ಹಲ್ಲು ತಾಗಿದ್ವು. ಫ್ರೀನಮ್ ಮೊದಲೇ ಯಾಕೆ ಕತ್ತರಿಸಲಿಲ್ಲ ಅಂತ ಕೇಳಿದ್ದೆ, ಮೊದಲೇ ಕತ್ತರಿಸಿದ್ರೆ ಅಲ್ಲಿ ಗಾಯ ಮಾಯ್ದು ಗಟ್ಟಿಯಾಗಿ ಹಲ್ಲು ಹತ್ರ ಬರೋಕೆ ಅಡ್ಡ ಆಗಬಹುದು, ಹಲ್ಲು ಸೇರಿದ ಮೇಲೆ ಕತ್ತರಿಸಿದ್ರೆ ಅದೇ ಗಟ್ಟಿತನ ಹಲ್ಲನ್ನ ಹಿಡ್ಕೊಳ್ಳೋಕೆ ಸಹಾಯ ಅಂದ್ರು. ಇಂಜೆಕ್ಷನ್ ಚುಚ್ಚಿದ್ದಷ್ಟೇ ನೋವು, ಕತ್ತರಿಸಿ ಮೂರು ಹೊಲಿಗೆ ಹಾಕಿದ್ದು ಇಪ್ಪತ್ತು ನಿಮಿಷ. ಒಂದು ವಾರ ಮೊಸರನ್ನ, ಮೇಲ್ತುಟಿ ಎರಡು ದಿನ ಊದಿತ್ತು, ಏಳನೇ ದಿನ ಹೊಲಿಗೆ ಬಿಚ್ಚಿದ್ರು.

ಕಾಂಪೊಸಿಟ್ ದಿನ ನಂಗೆ ಅತಿ ಇಷ್ಟ ಆಗಿದ್ದು. ಮೊದಲು ಕಿಟಕಿ ಹತ್ರ ಕೂರಿಸಿ ಹಗಲು ಬೆಳಕಲ್ಲಿ ಬಣ್ಣ ನೋಡಿದ್ರು, ಹಲ್ಲು ಒಣಗಿದ್ರೆ ಬೆಳ್ಳಗೆ ಕಾಣುತ್ತೆ, ಆಗ ನೋಡಿದ್ರೆ ಬಣ್ಣ ತಪ್ಪುತ್ತೆ, ಅದಕ್ಕೇ ಕೆಲಸ ಶುರು ಮಾಡೋ ಮುಂಚೇನೇ ನೋಡ್ಬೇಕು. ಆಮೇಲೆ ರಬ್ಬರ್ ಹಾಳೆ ಹಾಕಿ ಹಲ್ಲು ಮಾತ್ರ ಹೊರಗೆ ಕಾಣೋ ಹಾಗೆ ಮಾಡಿದ್ರು. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ನೀಲಿ ಬಣ್ಣದ ಆಸಿಡ್ ಜೆಲ್ ಹಚ್ಚಿದ್ರು, 37 ಪರ್ಸೆಂಟ್ ಫಾಸ್ಫಾರಿಕ್ ಆಸಿಡ್, ಅರ್ಧ ನಿಮಿಷ ಬಿಟ್ಟು ತೊಳೆದು ಒಣಗಿಸಿದ್ರೆ ಆ ಜಾಗ ಸುಣ್ಣದ ಹಾಗೆ ಮಂಕಾಯ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗುಳಿ ಬೀಳ್ತವಂತೆ, ಅದರೊಳಗೆ ಅಂಟು ಇಳಿದು ಹಿಡ್ಕೊಳ್ಳುತ್ತೆ. ಇದನ್ನ 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೋರ್ ಅನ್ನೋ ದಂತವೈದ್ಯರು ತೋರಿಸಿಕೊಟ್ಟಿದ್ದಂತೆ, ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡೀಲಿ ಅಂತ ಆಸಿಡ್ ಬಳಿಯೋದನ್ನ ನೋಡಿ ಹಲ್ಲಿಗೂ ಯಾಕೆ ಮಾಡಬಾರದು ಅಂತ ಹೊಳೀತಂತೆ ಅವರಿಗೆ. ನಮ್ಮನೆ ಗೇಟಿಗೆ ಪೇಂಟ್ ಹೊಡೆಯೋ ಮುಂಚೆ ಉಪ್ಪುಕಾಗದ ಹಾಕಿ ಉಜ್ಜೋದು ನೆನಪಾಯ್ತು. ಆಮೇಲೆ ತೆಳು ಪದರ ಪದರವಾಗಿ ಇಟ್ಟು ಪ್ರತಿ ಪದರಕ್ಕೂ ಇಪ್ಪತ್ತು ಸೆಕೆಂಡ್ ನೀಲಿ ಲೈಟ್. ಮೇಣದಲ್ಲಿ ಮೊದಲೇ ಮಾಡಿಟ್ಟಿದ್ದ ಆಕಾರಕ್ಕೆ ಸರಿಯಾಗಿ ಎರಡು ಹಲ್ಲು ಬೆಳೆಸೋಕೆ ಎರಡೂವರೆ ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ಬರೀ ಪಾಲಿಶ್. ಒಂದು ಹಲ್ಲಿಗೆ ಸಾವಿರದ ಇನ್ನೂರು.

ಕನ್ನಡಿಯಲ್ಲಿ ನಾನೇ ಇದ್ದೆ. ನನ್ನದೇ ಹಲ್ಲು, ಹೊಳೆಯೋ ಬಿಳಿ ಅಲ್ಲ, ಅಲ್ಲೇ ಮೊದಲಿಂದ ಹಾಗೇ ಇದ್ದಿದ್ರೆ ಹೇಗಿರ್ತಿತ್ತೋ ಹಾಗೆ.

ಸಿಳ್ಳೆ ಹೋಗುತ್ತೆ ಅಂತ ಅವರು ಮಾತು ಕೊಟ್ಟಿರಲಿಲ್ಲ, ಕಮ್ಮಿ ಆಗಬಹುದು ಅಂದಿದ್ರು ಅಷ್ಟೇ. ಮೊದಲ ಎರಡು ವಾರ ಸಕಾರ ಇನ್ನೂ ಕೆಟ್ಟದಾಗಿ ಬರ್ತಿತ್ತು, ನಾಲಿಗೆಗೆ ಹಳೇ ಸಂದೇ ಅಭ್ಯಾಸ ಆಗಿತ್ತಲ್ಲ. ರಾತ್ರಿ ಮಗಳ ಜೊತೆ ಕೂತು ಶ ಷ ಸ, ಸಕ್ಕರೆ ಸಾಸಿವೆ ಸೂಸಲು ಅಂತ ಗಟ್ಟಿಯಾಗಿ ಓದ್ತಿದ್ದೆ. ಜೂನ್‌ನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ ಮೈಕಿನಲ್ಲೂ ಸರಿಯಾಗಿ ಬಂತು.

ಈಗಿನ ಸ್ಥಿತಿ ಹೇಳ್ತೀನಿ, ಯಾಕಂದ್ರೆ ಮುಚ್ಚಿಸಿದ ಮೇಲಿನದ್ದನ್ನ ಯಾರೂ ಹೇಳಲ್ಲ. ಎದುರು ಹಲ್ಲಿನ ಹಿಂದೆ ತೆಳ್ಳಗಿನ ಹೆಣೆದ ತಂತಿ ಅಂಟಿಸಿದಾರೆ, ಅದು ತೆಗೆಯೋದಲ್ಲ, ಸಂದು ಇದ್ದ ಹಲ್ಲು ಮತ್ತೆ ದೂರ ಹೋಗೋಕೆ ನೋಡ್ತಾನೇ ಇರುತ್ತೆ. ಅದರ ಕೆಳಗೆ ದಾರ ತೂರಿಸಿ ದಿನಾ ಕ್ಲೀನ್ ಮಾಡ್ಬೇಕು, ಬಿಟ್ರೆ ಗಾರೆ ಕಟ್ಟುತ್ತೆ. ರಾತ್ರಿ ಒಂದು ಪ್ಲೇಟ್ ಹಾಕ್ಕೊಂಡು ಮಲಗ್ತೀನಿ. ಕಾಂಪೊಸಿಟ್ ಪಿಂಗಾಣಿ ಥರ ಅಲ್ಲ, ಟೀ ಅರಿಶಿನ ಹಿಡ್ಕೊಳ್ಳುತ್ತೆ, ವರ್ಷಕ್ಕೊಂದು ಸಲ ಪಾಲಿಶ್ ಮಾಡಿಸ್ತೀನಿ, ಐದಾರು ವರ್ಷಕ್ಕೆ ಹೊಸದಾಗಿ ಮಾಡಿಸೋದು ಬರಬಹುದು ಅಂತ ಮೊದಲೇ ಹೇಳಿದಾರೆ. 2024ರ ಗೌರಿ ಹಬ್ಬಕ್ಕೆ ನಿಪ್ಪಟ್ಟನ್ನ ಎದುರು ಹಲ್ಲಲ್ಲಿ ಕಚ್ಚಿದೆ, ಬಲಗಡೆದರ ಮೂಲೆ ಒಂಚೂರು ಹಾರಿತು. ಇಪ್ಪತ್ತು ನಿಮಿಷದಲ್ಲಿ ಅದೇ ಜಾಗಕ್ಕೆ ಹಚ್ಚಿ ಸರಿ ಮಾಡಿದ್ರು. ಈಗ ನಿಪ್ಪಟ್ಟು ಚಕ್ಕುಲಿ ಮುರಿದು ದವಡೆಗೆ ಹಾಕ್ಕೊಳ್ತೀನಿ.

ಆವತ್ತೇ ಮಗಳನ್ನೂ ತೋರಿಸಿದೆ. ಅವಳಿಗಾಗ ಒಂಬತ್ತು, ಹಾಲುಹಲ್ಲು ಬಿದ್ದು ಬಂದಿರೋ ಎದುರು ಹಲ್ಲಿನ ನಡುವೆ ಸಂದಿದೆ, ನಂದೇ ಬಂದುಬಿಡ್ತಲ್ಲ ಅಂತ ನಂಗೆ ಒಳಗೊಳಗೇ ಸಂಕಟ. ಡಾಕ್ಟರ್ ತುಟಿ ಎತ್ತಿ ನೋಡಿದ್ರು, ಪಕ್ಕದ ಹಲ್ಲು ಅಳೆದ್ರು, ಆರೂವರೆ ಇದೆ. ಇದು ಅವರಪ್ಪನ ಹಲ್ಲು ಇರಬೇಕು ಮೇಡಂ, ನಿಮ್ಮದಲ್ಲ ಅಂದ್ರು. ಈ ವಯಸ್ಸಲ್ಲಿ ಕೋರೆ ಹಲ್ಲು ಮೇಲೆ ಮೂಳೆಯೊಳಗೆ ಕೂತು ಪಕ್ಕದ ಬೇರುಗಳನ್ನ ಒತ್ತುತ್ತಾ ಇರೋದ್ರಿಂದ ಸಂದು ಕಾಣೋದು ಸಹಜ, ಹನ್ನೊಂದು ಹನ್ನೆರಡಕ್ಕೆ ಕೋರೆ ಹಲ್ಲು ಇಳಿದು ಬಂದಾಗ ತುಂಬ ಮಕ್ಕಳಿಗೆ ತಾನಾಗೇ ಮುಚ್ಕೊಳ್ಳುತ್ತೆ, ಅಲ್ಲೀವರೆಗೆ ಮುಟ್ಟೋದೇ ಬೇಡ, ಆರು ತಿಂಗಳಿಗೊಮ್ಮೆ ತೋರಿಸಿ ಸಾಕು ಅಂದ್ರು.

ಬಸ್ಸಲ್ಲಿ ಬರೋವಾಗ ಅವಳಿಗೆ ನನ್ನ ಹಾಸ್ಟೆಲ್ ಕಥೆ ಪೂರ್ತಿ ಹೇಳಿದೆ, ಹತ್ತಿ ಮೇಲೆ ಆ ಬ್ಯಾಂಡ್ ಇಟ್ಟು ತೋರಿಸಿದ್ದನ್ನೂ ಹೇಳಿದೆ. ಅವಳು ತನ್ನ ಜಡೆ ಮುಟ್ಟಿ ನೋಡ್ಕೊಂಡ್ಲು, ಇದೇ ಬ್ಯಾಂಡಾ ಅಮ್ಮ ಅಂತ ಕೇಳಿದ್ಲು. ಮನೆಗೆ ಬಂದು ಮೊದಲು ಮಾಡಿದ ಕೆಲಸ, ಆ ಚಿಕ್ಕ ಬ್ಯಾಂಡಿನ ಡಬ್ಬಿ ತಗೊಂಡು ಅಟ್ಟದ ಮೇಲಿಟ್ಟೆ. ಈಗ ಅವಳಿಗೆ ರಿಬ್ಬನ್ನಲ್ಲೇ ಜಡೆ ಹಾಕೋದು.